ಬೆರಳು ಚುಚ್ಚುತ್ತ ಅತ್ತೂರಿಗೆ

ಡಿಸೆಂಬರಿನ ಮೊದಲ ಶನಿವಾರ ಬೆಳಿಗ್ಗೆ ಐದೂಮುಕ್ಕಾಲಿಗೆ ನಾವು ಗಂಡ ಹೆಂಡತಿ ಶಿರ್ವದ ಮನೆಯ ಗೇಟು ಹಾಕಿ ಅತ್ತೂರಿನ ಇಗರ್ಜಿಗೆ ಕಾಲ್ನಡಿಗೆಯಲ್ಲಿ ಹೊರಟೆವು. ಬೆಳ್ಮಣ್, ನಿಟ್ಟೆ ದಾಟಿ, ಕಾರ್ಕಳ ಸಿಗುವ ಮೊದಲು ಒಳಗೆ ತಿರುಗಬೇಕು. ನಮ್ಮ ಅಂದಾಜಿನಲ್ಲಿ ಇಪ್ಪತ್ತು ಕಿಲೋಮೀಟರಿನ ಆಸುಪಾಸು. ಬಸ್ಸಿನಲ್ಲಾದರೆ ಮುಕ್ಕಾಲು ಗಂಟೆ. ನನ್ನ ಹೆಗಲಿಗೆ ಒಂದು ಚೀಲ. ಅದರೊಳಗೆ ಗ್ಲೂಕೋಸ್ ಪುಡಿಯ ಡಬ್ಬಿ, ಸಕ್ಕರೆ ನೋಡುವ ಮೆಷಿನು, ಸೂಜಿ, ಆರು ಬಾಳೆಹಣ್ಣು, ಎರಡು ಪೊಟ್ಟಣ ಬಿಸ್ಕತ್ತು, ನೀರು. “ಇದು ಹರಕೆಗೆ ಹೋಗುವವರ ಚೀಲ ಅಲ್ಲ, ಆಸ್ಪತ್ರೆಗೆ ಹೋಗುವವರದ್ದು” ಎಂದು ಇವರು ನಕ್ಕರು. ನನಗೆ ನಗು ಬರಲಿಲ್ಲ. ಹಿಂದಿನ ರಾತ್ರಿ ನಾನು ನಾಲ್ಕು ಸಲ ಎದ್ದು ಇವರ ಉಸಿರು ಕೇಳಿದ್ದೆ.

ಇವರೆಂದರೆ ವಲೇರಿಯನ್, ಅರವತ್ತೊಂದು ವರ್ಷ, ಬಹ್ರೇನಿನ ಗ್ಯಾರೇಜೊಂದರಲ್ಲಿ ದುಡಿದು ಊರಿಗೆ ಮರಳಿದವರು. ನಾನು ಐರಿನ್, ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು. ಮನೆಯಲ್ಲಿ ನಮ್ಮ ಮಾತು ಕೊಂಕಣಿ. ಇಲ್ಲಿ ಅದನ್ನು ಕನ್ನಡದಲ್ಲೇ ಬರೆಯುತ್ತಿದ್ದೇನೆ. ಇವರಿಗೆ ಒಂಬತ್ತು ವರ್ಷಗಳಿಂದ ಸಕ್ಕರೆ ಕಾಯಿಲೆ ಉಂಟು. ಇಂಜೆಕ್ಷನ್ ಇಲ್ಲ, ಎರಡು ಬಗೆಯ ಮಾತ್ರೆ. ಅವುಗಳಲ್ಲಿ ಒಂದು ಸಣ್ಣ ಮಾತ್ರೆ ಸಕ್ಕರೆಯನ್ನು ಇಳಿಸುತ್ತ ಹೋದರೆ ಬೇಕಾದಲ್ಲಿಗೆ ನಿಲ್ಲುವುದಿಲ್ಲ, ಇನ್ನೂ ಕೆಳಗೆ ಹೋಗಬಹುದು. ನಾವು ಅದನ್ನು ವರ್ಷಗಟ್ಟಲೆ ನುಂಗಿಸುತ್ತ ನುಂಗುತ್ತ ಇದ್ದೆವೇ ಹೊರತು ಈ ಗುಣ ನಮಗೆ ಗೊತ್ತಿರಲಿಲ್ಲ. ಗೊತ್ತಾದದ್ದು ಕಾಪುವಿನಲ್ಲಿ.

ಕಳೆದ ಏಪ್ರಿಲಿನ ಒಂದು ಭಾನುವಾರ ಸಂಜೆ ಇವರು ಒಬ್ಬರೇ ಕಾಪುವಿನ ಕಡಲಬದಿಗೆ ನಡೆಯಲು ಹೋಗಿದ್ದರು. ಸೆಕೆಯೆಂದು ಮಧ್ಯಾಹ್ನ ಎರಡು ತುತ್ತು ಗಂಜಿ ಉಂಡಿದ್ದಷ್ಟೆ. ಮರಳಿನಲ್ಲಿ ಒಂದೂವರೆ ಗಂಟೆ ನಡೆದವರು ದೀಪಸ್ತಂಭದ ಹತ್ತಿರ ತೂರಾಡಿದರು, ಏನೇನೋ ತೊದಲಿದರು, ಬಿದ್ದರು. ಭಾನುವಾರ ಸಂಜೆ, ಕೊರಳಲ್ಲಿ ಶಿಲುಬೆಯ ಸರ, ತೂರಾಡುವ ಗಂಡಸು! ಪೊರ್ಬುಗಳು ಎಂದು ತುಳುವಿನಲ್ಲಿ ನಮ್ಮ ಕ್ರೈಸ್ತರಿಗೆ ಹೆಸರು, ಕುಡಿಯುವವರೆಂಬ ಹೆಸರೂ ಜೊತೆಗುಂಟು. “ಪೊರ್ಬುಗೆ ಜಾಸ್ತಿಯಾಗಿದೆ, ಮಲಗಲಿ ಬಿಡಿ” ಎಂದು ಜನ ದಾಟಿಕೊಂಡು ಹೋದರು. ಹತ್ತು ಹೆಜ್ಜೆ ಆಚೆ ಶರಬತ್ತಿನ ಅಂಗಡಿ ಇತ್ತು. ಒಂದು ಲೋಟ ಶರಬತ್ತು ಸಾಕಿತ್ತು. ಕೊನೆಗೆ ಎರ್ಮಾಳಿನ ಮೀನುಗಾರರ ಮನೆಯ ಹೆಂಗಸೊಬ್ಬರು ಇವರ ಫೋನು ತೆಗೆದು ನನಗೆ ಹೇಳಿದರು. ನಾನು ಆಟೊದಲ್ಲಿ ಓಡಿದೆ, ಆಸ್ಪತ್ರೆಗೆ ಸೇರಿಸಿದೆ. ಅಲ್ಲಿ ನೋಡುವಾಗ ಸಕ್ಕರೆ ಮೂವತ್ತೆಂಟು. ಇನ್ನು ಸ್ವಲ್ಪ ತಡವಾಗಿದ್ದರೆ ಎಂದು ಡ್ಯೂಟಿ ಡಾಕ್ಟರು ಹೇಳಿ ಅರ್ಧಕ್ಕೆ ನಿಲ್ಲಿಸಿದರು.

ಇವರು ಕುಡಿತ ಬಿಟ್ಟು ಹನ್ನೊಂದು ವರ್ಷವಾಗಿತ್ತು. ಬಿಟ್ಟದ್ದೂ ಇದೇ ಅತ್ತೂರಿಗೆ ನಡೆದು ಹೋಗಿ, ವರ್ಷಕ್ಕೊಮ್ಮೆ ಹೀಗೆ ನಡೆದು ಬರುವ ಹರಕೆ ಹೊತ್ತು. ಆಮೇಲೆ ಮದುವೆ ಮನೆಯಲ್ಲಿ ವೈನಿನ ಲೋಟವನ್ನೂ ಮುಟ್ಟಿದವರಲ್ಲ. ಬಿದ್ದ ಗಾಯ ವಾರದಲ್ಲಿ ಮಾಯಿತು. ಊರಿಡೀ ಹಬ್ಬಿ ಇವರ ಕಿವಿಗೂ ಬಿದ್ದ ಆ ಮಾತಿನ ಗಾಯ ಮಾಯಲಿಲ್ಲ. ನಡೆಯುವುದನ್ನೇ ಬಿಟ್ಟರು. ಜಗಲಿಯಲ್ಲಿ ಕುಳಿತು ಕುಳಿತು ಸಕ್ಕರೆ ಮೇಲೇರಿತು, ಕಾಲು ಜೋಮು ಹಿಡಿಯತೊಡಗಿತು. ಅತ್ತ ದರಿ, ಇತ್ತ ಪುಲಿ. ನಡೆದರೆ ಬೀಳುವ ಭಯ, ನಡೆಯದಿದ್ದರೆ ಕಾಲು ಹೋಗುವ ಭಯ. ನವೆಂಬರಿನಲ್ಲಿ ಒಂದು ದಿನ ಇದ್ದಕ್ಕಿದ್ದಂತೆ, “ಈ ವರ್ಷವೂ ಅತ್ತೂರಿಗೆ ನಡೆದೇ ಹೋಗುವುದು. ದಾರಿಯಲ್ಲಿ ಎಲ್ಲರೂ ನೋಡಲಿ” ಎಂದರು. ಬೇಡವೆಂದು ನಾನು ಜಗಳವಾಡಿದೆ, ಎರಡು ದಿನ ಮಾತು ಬಿಟ್ಟೆ. ಕೊನೆಗೆ ಡಾಕ್ಟರು ಒಪ್ಪಿದರೆ ಮಾತ್ರ, ಅದೂ ನಾನು ಜೊತೆಗಿದ್ದರೆ ಮಾತ್ರ ಎಂಬಲ್ಲಿಗೆ ಬಂದೆ.

ಹಾಗಾಗಿ ಈ ಪ್ರಯಾಣ ನಿಜವಾಗಿ ಶುರುವಾದದ್ದು ಹತ್ತು ದಿನ ಮೊದಲು, ಮಣಿಪಾಲದಲ್ಲಿ. ಶಿರ್ವದಿಂದ ಉಡುಪಿಗೆ ಒಂದು ಬಸ್ಸು, ಅಲ್ಲಿಂದ ಮಣಿಪಾಲದ ಗುಡ್ಡ ಹತ್ತಲು ಇನ್ನೊಂದು. ಡಾಕ್ಟರು ಸಣ್ಣ ಪ್ರಾಯದ ಹೆಣ್ಣುಮಗಳು. ಅವರು ಬೇಡ ಎನ್ನಲಿ ಎಂದು ನಾನು ಮನಸ್ಸಿನಲ್ಲೇ ಹರಕೆ ಹೊತ್ತಿದ್ದೆ. ಆಕೆ ಬೇಡ ಎನ್ನಲಿಲ್ಲ.

“ನಡಿಗೆ ನಿಮಗೆ ಮಾತ್ರೆಯಷ್ಟೇ ಮುಖ್ಯ ಅಂಕಲ್. ಆದರೆ ನಡಿಗೆಯೂ ಸಕ್ಕರೆ ಇಳಿಸ್ತದೆ, ಮಾತ್ರೆಯೂ ಇಳಿಸ್ತದೆ. ಎರಡೂ ಸೇರಿ ಎಳೆದರೆ ನೀವು ಕೆಳಗೆ” ಎಂದರು. ನಡೆಯುವ ದಿನ ಬೆಳಿಗ್ಗೆ ಸಣ್ಣ ಮಾತ್ರೆ ಅರ್ಧ ಮಾತ್ರ. ಇದು ಇವರಿಗೆ ಹೇಳಿದ ಲೆಕ್ಕ. ಓದುವವರು ತಮ್ಮ ಡಾಕ್ಟರನ್ನು ಕೇಳದೆ ಮಾತ್ರೆ ಮುರಿಯಬಾರದು. ಖಾಲಿ ಹೊಟ್ಟೆಯಲ್ಲಿ ಹೊರಡಬಾರದು. ಹೊರಡುವ ಮೊದಲು ಬೆರಳು ಚುಚ್ಚಿ ನೋಡಬೇಕು, ನೂರಕ್ಕಿಂತ ಕಡಿಮೆಯಿದ್ದರೆ ಏನಾದರೂ ತಿಂದೇ ಮುಂದಿನ ಹೆಜ್ಜೆ. ದಾರಿಯಲ್ಲಿ ಕುಳಿತಲ್ಲೆಲ್ಲ ನೋಡುತ್ತಿರಬೇಕು. ಎಪ್ಪತ್ತಕ್ಕಿಂತ ಕೆಳಗೆ ಹೋದರೆ ನಡಿಗೆ ನಿಲ್ಲಿಸಿ ಮೂರು ಚಮಚ ಗ್ಲೂಕೋಸ್, ಹದಿನೈದು ನಿಮಿಷ ಬಿಟ್ಟು ಪುನಃ ಚುಚ್ಚಿ ನೋಡುವುದು.

“ನಡೆದು ಮುಗಿಯಿತಲ್ಲ ಅಂತ ಮರೆಯಬೇಡಿ ಆಂಟಿ. ಮುಗಿದ ಮೇಲೂ ಇಳಿಯಬಹುದು. ಸಂಜೆ, ರಾತ್ರಿ, ಮರುದಿನ ಬೆಳಿಗ್ಗೆ ಕೂಡ” ಎಂದು ನನ್ನ ಕಡೆ ತಿರುಗಿ ಹೇಳಿದರು.

ಆಕೆ ಹೇಳಿದ್ದೆಲ್ಲ ಧೈರ್ಯಕ್ಕೆ. ನನ್ನೊಳಗೆ ಇಳಿದ ಮೇಲೆ ಅದೆಲ್ಲ ಹೆದರಿಕೆಯಾಯಿತು.

ಹೊರಡುವ ದಿನ ಎರಡು ಪೊಳೆ, ಅಂದರೆ ನಮ್ಮ ದೋಸೆ, ತಿನ್ನಿಸಿ ಚುಚ್ಚಿದೆ. ನೂರಾ ಮೂವತ್ತೆಂಟು. ಹರಕೆಗೆ ಹೋಗುವವರು ಹೊಟ್ಟೆ ತುಂಬ ತಿಂದು ಹೋಗುವುದುಂಟೇ ಎಂದು ಇವರು ಗೊಣಗಿದರು. ಹಸಿದು ಸತ್ತವರನ್ನು ದೇವರು ಹೊಗಳಿದ್ದು ನಾನು ಎಲ್ಲೂ ಓದಿಲ್ಲ ಎಂದೆ. ಮಂಜು ಬಿದ್ದು ಡಾಂಬರು ಒದ್ದೆಯಾಗಿತ್ತು. ಗಲ್ಫ್ ದುಡ್ಡಿನ ದೊಡ್ಡ ಮನೆಗಳ ಗೇಟಿನ ದೀಪಗಳು ಇನ್ನೂ ಉರಿಯುತ್ತಿದ್ದವು. ಇವರು ಮುಂದೆ, ನಾನು ಎರಡು ಮಾರು ಹಿಂದೆ. ಹಿಂದೆ ನಡೆದರೆ ಕಾಲು ಕಾಣುತ್ತದೆ, ತೂರಾಡಿದರೆ ಗೊತ್ತಾಗುತ್ತದೆ ಎಂಬುದು ನನ್ನ ಉಪಾಯ. ಶಿರ್ವದಿಂದ ಬೆಳ್ಮಣ್ ತನಕದ ಗದ್ದೆ, ತೋಡು, ಸೂರ್ಯೋದಯ ಯಾವುದನ್ನೂ ವರ್ಣಿಸಲು ನನ್ನಿಂದಾಗದು. ನಾನು ನೋಡಿದ್ದು ಇವರ ಶೂವಿನ ಹಿಮ್ಮಡಿಯನ್ನು.

ಏಳು ಗಂಟೆಗೆ ಇವರ ಕತ್ತಿನ ಹಿಂದೆ ಬೆವರು ಕಂಡಿತು. ಬಿಸಿಲು ಇನ್ನೂ ಏರಿರಲಿಲ್ಲ. ಬೆವರು ಏರುದಾರಿಯದ್ದೋ, ಸಕ್ಕರೆಯದ್ದೋ? ಮಾತು ಸರಿಯಿದೆಯೇ ನೋಡೋಣವೆಂದು ಹಿಂದಿನಿಂದಲೇ ಕೇಳಿದೆ, “ಹದಿನೇಳು ಮೂರಲ ಎಷ್ಟು?”

“ಎಂತ, ಪರೀಕ್ಷೆಯಾ?”

“ಹೇಳಿ ಅಂದೆ.”

“ಐವತ್ತೊಂದು. ಪಾಸಾ? ನಿನ್ನ ಹತ್ತಿರ ಕಲಿತ ಮಕ್ಕಳು ಪಾಪ ಮಾರಾಯ್ತಿ.”

ಬೆಳ್ಮಣ್ ಮುಟ್ಟುವಾಗ ಎಂಟು. ಹೋಟೆಲಿನ ಬೆಂಚಿನಲ್ಲಿ ಕೂರಿಸಿ ಚುಚ್ಚಿದೆ. ತೊಂಬತ್ತೆರಡು. ನಾನು ಚೀಲದೊಳಗೆ ಬಿಸ್ಕತ್ತು ಹುಡುಕತೊಡಗಿದೆ. ಇವರು ಮಾತ್ರ ಹಬ್ಬ ಬಂದವರಂತೆ ಕೂಗಿದರು, “ಭಟ್ರೇ, ಒಂದು ಚಾ, ಸಕ್ಕರೆ ಹಾಕಿ! ಎರಡು ಬನ್ಸ್!” ಬಾಳೆಹಣ್ಣು ಹಾಕಿ ಕರಿದ ಸಿಹಿ ಬನ್ಸ್ ಇವರು ಮುಟ್ಟದೆ ಎಷ್ಟು ಕಾಲವಾಗಿತ್ತೋ. ಹೋಟೆಲಿನವರು ನನ್ನ ಕೈಯ ಮೆಷಿನನ್ನೂ ಇವರ ತಟ್ಟೆಯನ್ನೂ ನೋಡಿ, “ಎಂತ ಟೀಚರೇ, ಶುಗರ್ ಇದ್ದವರಿಗೆ ನೀವೇ ಸಿಹಿ ಕೊಡಿಸುವುದಾ?” ಎಂದರು. ಸಕ್ಕರೆ ಕಾಯಿಲೆಯವರಿಗೂ ಸಕ್ಕರೆ ಔಷಧಿಯಾಗುವ ಹೊತ್ತು ಒಂದುಂಟು ಎಂದು ಅವರಿಗೆ ಬಿಡಿಸಿ ಹೇಳಿದೆ. ಅವರು ತಲೆಯಾಡಿಸಿದರು, ನಂಬಲಿಲ್ಲ. ಇಪ್ಪತ್ತು ನಿಮಿಷ ಕುಳಿತು, ನೂರಾ ಇಪ್ಪತ್ತಾರು ನೋಡಿಕೊಂಡು ಎದ್ದೆವು.

ನಿಟ್ಟೆಯ ಕಡೆಗಿನ ರಸ್ತೆಯಲ್ಲಿ ಬಿಸಿಲು ಏರಿತು. ಲಾರಿ, ಬಸ್ಸುಗಳ ಗಾಳಿ ಮೈಮೇಲೆ. ಹತ್ತು ಗಂಟೆಯ ಹೊತ್ತಿಗೆ ಎದುರಿನಿಂದ ಬಂದ ಬೈಕೊಂದು ನಮ್ಮ ಪಕ್ಕದಲ್ಲಿ ನಿಂತಿತು. ಇವರ ಹಳೆಯ ಕುಡಿತದ ಜೊತೆಗಾರ ಫೆಲಿಕ್ಸ್. “ಓ ವಲ್ಲಿ, ಕಾಪುವಿನಲ್ಲಿ ಮರಳಲ್ಲಿ ಮಲಗಿದ್ದೆಯಂತೆ? ಪುನಃ ಶುರುವಾ? ನಮ್ಮನ್ನೂ ಕರೆಯಬಾರದಾ ಮಾರಾಯ?” ಎಂದು ಕಣ್ಣು ಹೊಡೆದ. ಎಂಟು ತಿಂಗಳು ಕಳೆದಿತ್ತು. ಕಾಪುವೆಲ್ಲಿ, ನಿಟ್ಟೆಯೆಲ್ಲಿ. ಆದ ಸಂಗತಿ ಬಂದಿರಲಿಲ್ಲ, ಆಗದ ಸಂಗತಿ ಬಂದು ಕುಳಿತಿತ್ತು. ಅದು ಶುಗರ್ ಕಡಿಮೆಯಾದದ್ದು ಎಂದು ನಾನು ಬಾಯಿ ತೆರೆದೆ. ಇವರು ನನ್ನ ತೋಳು ಹಿಡಿದು, “ಬಿಡು, ಹೊತ್ತಾಯಿತು” ಎಂದರು. ಆಮೇಲೆ ಒಂದು ಮೈಲು ಮಾತಿಲ್ಲ. ಮಾತಿಲ್ಲದ್ದು ಬೇಸರದಿಂದಲೋ ಸಕ್ಕರೆಯಿಂದಲೋ ಎಂದು ನಾನು ಮತ್ತೆ ಒದ್ದಾಡಿದೆ. ಬಸ್ ನಿಲ್ದಾಣದ ನೆರಳಿನಲ್ಲಿ ಕೂರಿಸಿ ನೋಡಿದರೆ ನೂರಾ ಹತ್ತು. ಬೇಸರವೇ. ಎರಡು ಬಾಳೆಹಣ್ಣು ಕೊಟ್ಟೆ.

ಅತ್ತೂರಿನಲ್ಲಿ ಜಾತ್ರೆಯ ಕಾಲವಲ್ಲ, ಅಂಗಳ ಖಾಲಿಯಿತ್ತು. ಗಂಟೆ ಹನ್ನೊಂದೂ ನಲವತ್ತು, ಸಕ್ಕರೆ ನೂರಾ ನಾಲ್ಕು. ಇವರು ಮೇಣದಬತ್ತಿ ಹಚ್ಚಿ ಮೊಣಕಾಲೂರಿದರು. ತಲೆ ತಗ್ಗಿತು, ತಗ್ಗಿಯೇ ಇತ್ತು. ಐದು ನಿಮಿಷ, ಎಂಟು ನಿಮಿಷ. ಪ್ರಾರ್ಥನೆಯೋ ಪ್ರಜ್ಞೆ ತಪ್ಪಿದ್ದೋ ತಿಳಿಯದೆ ನಾನು ಬೆರಳಿನಿಂದ ಬೆನ್ನು ತಿವಿದೆ. “ದೇವರ ಹತ್ತಿರ ಮಾತಾಡಲಿಕ್ಕೂ ಬಿಡುವುದಿಲ್ಲವಾ ನೀನು?” ಎಂದು ಪಿಸುಗುಟ್ಟಿದರು. ಹೊರಗೆ ಬಂದಾಗ ಮುಖ ಗೆಲುವಾಗಿತ್ತು. ಬೀಳದೆ ಬಂದೆವು ಎಂದು ನಾನೂ ಮೊದಲ ಸಲ ಉದ್ದ ಉಸಿರು ಬಿಟ್ಟೆ. ತಪ್ಪಿದ್ದು ಅಲ್ಲಿಯೇ.

ಆಟೊ ಹಿಡಿದು ಕಾರ್ಕಳಕ್ಕೆ ಹೋಗಿ ಊಟಕ್ಕೆ ಕುಳಿತೆವು. ಇವರು ಅನ್ನ ಅರ್ಧವೂ ಉಣ್ಣಲಿಲ್ಲ. ಯಾಕೆಂದರೆ ಗಡ್‌ಬಡ್ ಹೇಳಿದ್ದರು. ಉದ್ದ ಗ್ಲಾಸಿನಲ್ಲಿ ಐಸ್‌ಕ್ರೀಮು, ಹಣ್ಣು, ಜೆಲ್ಲಿ, ಗೋಡಂಬಿ ಹಾಕಿ ಕೊಡುವ ನಮ್ಮ ಕಡೆಯ ಸಿಹಿ. “ಇಪ್ಪತ್ತು ಕಿಲೋಮೀಟರ್ ನಡೆದಿದ್ದೇನೆ, ಇವತ್ತು ಒಂದು ದಿನ” ಎಂದರು. ಗ್ಲಾಸು ಬಂದು ಎರಡು ಚಮಚ ಬಾಯಿಗಿಟ್ಟಿರಲಿಲ್ಲ, ನನ್ನೊಳಗಿನ ಟೀಚರು ಎದ್ದಳು. “ಮೇಲೆ ಹತ್ತಿದರೆ ಇಳಿಸುವವರು ಯಾರು?” ಎಂದು ಗ್ಲಾಸನ್ನು ನನ್ನ ಕಡೆ ಎಳೆದುಕೊಂಡೆ. ದುಡ್ಡು ಕೊಟ್ಟದ್ದು ಹಾಳಾಗಬಾರದೆಂದು ಪೂರ್ತಿ ನಾನೇ ತಿಂದೆ. ಇವರು ಏನೋ ಹೇಳಹೊರಟು ಸುಮ್ಮನಾದರು. ಊಟವಾಯಿತಲ್ಲ ಎಂದು ಬೆರಳು ಚುಚ್ಚಲಿಲ್ಲ. ಪ್ರತಿ ಸಲ ಮೆಷಿನಿಗೆ ಹಾಕಬೇಕಾದ ಹೊಸ ಪಟ್ಟಿಗಳು ದುಬಾರಿ ಎಂಬ ಜುಗ್ಗತನವೂ ಸ್ವಲ್ಪ ಇತ್ತು.

ಬಸ್ಸೊಂದು ತಪ್ಪಿತು. ಮುಂದಿನದ್ದಕ್ಕೆ ಕಾದು, ಶಿರ್ವದ ಮೇಲೆ ಹೋಗುವ ಬಸ್ಸು ಹತ್ತುವಾಗ ಮೂರು ಗಂಟೆ. ಇವರು ಕಿಟಕಿಯ ಬದಿ ಕುಳಿತರು. ಬೆಳಗಿನಿಂದ ಕಾಲಿನ ಮೇಲೆ ಕಣ್ಣಿಟ್ಟ ನಾನು ಆಗ ಕಣ್ಣು ಮುಚ್ಚಿದೆ.

ಎಚ್ಚರವಾದದ್ದು ಇವರ ಬೊಬ್ಬೆಗೆ. ಬೆಳ್ಮಣ್ ಹತ್ತಿರ ಬಂದಿತ್ತು. ಕಂಡಕ್ಟರ್ ಟಿಕೆಟ್ ಕೊಟ್ಟಾಗಿತ್ತು. ಇವರು ಎದ್ದು ನಿಂತು ಟಿಕೆಟ್ ಕೊಡಲಿಲ್ಲವೆಂದು ಅವನ ಅಂಗಿ ಹಿಡಿದಿದ್ದರು. ನಾಲಿಗೆ ತೊದಲುತ್ತಿತ್ತು. ಮುಖ ಸುಣ್ಣದಂತೆ ಬಿಳಿ, ಅಂಗಿ ತೊಪ್ಪೆ. ಬಸ್ಸು ತಿರುಗಿದಾಗ ಮುಂದಿನ ಸೀಟಿನ ಮೇಲೆ ವಾಲಿದರು.

“ಅಮ್ಮ, ಇವರಿಗೆ ಸ್ವಲ್ಪ ಜಾಸ್ತಿ ಆಗಿದೆಯಾ?” ಎಂದು ಕಂಡಕ್ಟರ್ ನನ್ನನ್ನು ಕೇಳಿದ. ಹಿಂದಿನಿಂದ ಯಾರೋ, “ಪೊರ್ಬುಗಳಿಗೆ ಶನಿವಾರ ಮಧ್ಯಾಹ್ನವೇ ಶುರು ಅಲ್ವಾ?” ಎಂದರು. ಕೆಲವರು ನಕ್ಕರು.

ನಾನು ಇವರ ತೋಳು ಹಿಡಿದೆ. ಹದಿನೇಳು ಮೂರಲ ಎಷ್ಟು ಎಂದು ಕೇಳಿದೆ. “ನೀನು ಯಾರು ಕೇಳಲಿಕ್ಕೆ?” ಎಂದರು. ನನ್ನನ್ನು ನೋಡಿದ ಆ ಕಣ್ಣಿನಲ್ಲಿ ನನ್ನ ಗುರುತಿರಲಿಲ್ಲ. ಡಬ್ಬಿ ತೆಗೆದು ಚಮಚಕ್ಕೆ ಪುಡಿ ಸುರಿಯುವಷ್ಟರಲ್ಲಿ ಇವರ ಕೈ ಬೀಸಿತು. ಡಬ್ಬಿ ಹಾರಿತು. ಅಷ್ಟು ಗ್ಲೂಕೋಸೂ ಬಸ್ಸಿನ ನೆಲದಲ್ಲಿ, ಚಪ್ಪಲಿಗಳ ನಡುವೆ ಚೆಲ್ಲಿತು. ಚೀಲದಲ್ಲಿ ಉಳಿದಿದ್ದ ಬಾಳೆಹಣ್ಣು, ಬಿಸ್ಕತ್ತು ಜಗಿಯುವ ಸ್ಥಿತಿಯಲ್ಲಿ ಇವರಿರಲಿಲ್ಲ.

“ಕುಡಿದದ್ದಲ್ಲ!” ಎಂದು ನಾನು ಕಿರುಚಿದೆ. ಮೂವತ್ತು ವರ್ಷ ತರಗತಿಯಲ್ಲಿ ಹಾಗೆ ಕಿರುಚಿದವಳಲ್ಲ. “ಇವರು ಕುಡಿಯುವುದಿಲ್ಲ! ಶುಗರ್ ಇಳಿದಿದೆ, ಸಾಯ್ತಾರೆ! ಯಾರ ಹತ್ತಿರವಾದರೂ ಸಿಹಿ ಉಂಟಾ?”

ಆಚೆ ಸೀಟಿನಲ್ಲಿ ಮಗುವನ್ನು ತೊಡೆಯ ಮೇಲಿಟ್ಟುಕೊಂಡಿದ್ದ ಬ್ಯಾರಿ ಮುಸ್ಲಿಂ ಹೆಂಗಸೊಬ್ಬರು ಎದ್ದರು. ಮಗುವಿಗೆಂದು ಇಟ್ಟಿದ್ದ ಮಾವಿನ ಜ್ಯೂಸಿನ ಪೊಟ್ಟಣಕ್ಕೆ ನಳಿಗೆ ಚುಚ್ಚಿ, ನನ್ನ ಕೈಗೆ ಕೊಡದೆ ನೇರ ಇವರೆದುರು ನಿಂತರು. “ಅಂಕಲ್, ತುಂಬಾ ಬಿಸಿಲು ಅಲ್ವಾ? ಇದು ಸ್ವಲ್ಪ ಕುಡೀರಿ. ನನಗೋಸ್ಕರ” ಎಂದರು, ಮಗುವಿಗೆ ಹೇಳುವ ಧ್ವನಿಯಲ್ಲೇ. ಹೆಂಡತಿಯ ಕೈ ತಳ್ಳಿದವರು ಆಕೆಯ ಮಾತಿಗೆ ಬಾಯಿ ತೆರೆದರು. ಎಳೆದರು, ನುಂಗಿದರು, ಪೊಟ್ಟಣ ಬರಿದಾಗುವ ತನಕ. ಅಷ್ಟರಲ್ಲಿ ನಾನು ಬೆರಳು ಚುಚ್ಚಿದೆ. ಐವತ್ತೆರಡು. “ನನ್ನ ಉಮ್ಮನಿಗೂ ಹೀಗೇ ಆಗ್ತದೆ. ಆಗ ಬೈದರೆ ಕುಡಿಯುವುದಿಲ್ಲ ಆಂಟಿ” ಎಂದು ಆಕೆ ನನಗೆ ಮೆಲ್ಲನೆ ಹೇಳಿದರು. ಕಂಡಕ್ಟರ್ ತನ್ನ ನೀರಿನ ಬಾಟಲಿ ಕೊಟ್ಟು ಹಿಂದಕ್ಕೆ ಹೋದ.

ಆ ಹದಿನೈದು ನಿಮಿಷದಷ್ಟು ಉದ್ದದ ಪ್ರಯಾಣ ನಾನು ಜೀವಮಾನದಲ್ಲಿ ಮಾಡಿಲ್ಲ. ಪ್ರಜ್ಞೆ ತಪ್ಪಿದರೆ ಬಾಯಿಗೆ ಏನೂ ಹಾಕಬಾರದು, ಆಸ್ಪತ್ರೆಗೆ ಓಡಬೇಕು ಎಂದು ಡಾಕ್ಟರು ಹೇಳಿದ್ದು ನೆನಪಾಗಿ ಇವರ ರೆಪ್ಪೆಯನ್ನೇ ನೋಡುತ್ತಿದ್ದೆ. ಮತ್ತೆ ಚುಚ್ಚಿದಾಗ ಎಂಬತ್ತೊಂದು. ಬಿಸ್ಕತ್ತು ಕೈಗೆ ಕೊಟ್ಟೆ. ತಿನ್ನುತ್ತ ತಿನ್ನುತ್ತ ಕಣ್ಣಿಗೆ ಗುರುತು ಮರಳಿತು. ಆಗ ಬಾಯಿ ಬಿಟ್ಟರು. ಬೆಳಿಗ್ಗೆ ನಾನು ಮುರಿದು ಬಿಟ್ಟಿದ್ದ ಇನ್ನರ್ಧ ಮಾತ್ರೆಯನ್ನು ಇವರು ಕಿಸೆಗೆ ಹಾಕಿಕೊಂಡಿದ್ದರು. ಕಾರ್ಕಳದಲ್ಲಿ ನಾನು ಕೈ ತೊಳೆಯಲು ಹೋದಾಗ, ಗಡ್‌ಬಡ್ ಬರುವ ಮೊದಲೇ ಅದನ್ನು ನುಂಗಿದ್ದರು.

ಇದು ನಮ್ಮ ಕಡೆ ಎಲ್ಲರೂ ಮಾಡುವ ಕೆಲಸ. ಮದುವೆಯ ಹಾಲಿನಲ್ಲಿ ಸನ್ನವೆಂಬ ನಮ್ಮ ಇಡ್ಲಿ, ಪಾಯಸ, ಐಸ್‌ಕ್ರೀಮು ತಿಂದು, ಸಿಹಿಗೆ ಸರಿಯಾಯಿತೆಂದು ಇನ್ನರ್ಧ ಮಾತ್ರೆ ನುಂಗುವುದು. ನನ್ನ ಅಣ್ಣನೂ ಮಾಡುತ್ತಾನೆ, ಅತ್ತಿಗೆಯೂ ಮಾಡುತ್ತಾಳೆ. ಇವರು ಐಸ್‌ಕ್ರೀಮಿಗೆಂದು ಮಾತ್ರೆ ನುಂಗಿದರು. ಐಸ್‌ಕ್ರೀಮು ನಾನು ತಿಂದೆ. ಅನ್ನವೂ ಇಲ್ಲ, ಸಿಹಿಯೂ ಇಲ್ಲ, ಇಪ್ಪತ್ತು ಕಿಲೋಮೀಟರ್ ನಡೆದ ಮೈಯೊಳಗೆ ಮಾತ್ರೆ ಒಂದೇ. “ಹೇಳಬಾರದಿತ್ತಾ?” ಎಂದೆ. “ನಿನ್ನ ಬೈಗಳಿಗೆ ಹೆದರಿ ಹೇಳಲಿಲ್ಲ” ಎಂದರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಶಿರ್ವದಲ್ಲಿ ಇಳಿದಾಗ ನಾಲ್ಕು ಗಂಟೆ. ಆ ಹೆಂಗಸು ಕಿಟಕಿಯಿಂದ ಮಗುವಿನ ಕೈ ಹಿಡಿದು ಬೀಸಿದರು. ಅವರ ಹೆಸರು ಕೇಳಲಿಲ್ಲ ಎಂದು ಬಸ್ಸು ಹೋದ ಮೇಲೆ ನೆನಪಾಯಿತು. ನಿಲ್ದಾಣದ ಕಲ್ಲುಬೆಂಚಿನಲ್ಲಿ ಕುಳಿತೆವು. ಇವರು ನನ್ನ ಮುಖ ನೋಡದೆ ಹೇಳಿದರು, “ಕಾಪುವಿನಲ್ಲಿ ನೀನು ಬಂದವಳು ಮೊದಲು ನನ್ನ ಬಾಯಿ ಮೂಸಿದೆ.”

ಮೇಲೆ ಕಾಪುವಿನ ಸಂಗತಿ ಬರೆಯುವಾಗ ನಾನು ಇದನ್ನು ಬಿಟ್ಟಿದ್ದೇನೆ. ಅವತ್ತು ಆಟೊದಿಂದ ಇಳಿದವಳು ಓಡಿ ಹೋಗಿ, ಮರಳಿನಲ್ಲಿ ಕಣ್ಣು ಮುಚ್ಚಿ ಬಿದ್ದಿದ್ದ ಗಂಡನ ಬಾಯಿಗೆ ಮೂಗು ಹಿಡಿದೆ. ವಾಸನೆ ಇರಲಿಲ್ಲ. ಆದರೂ ಎರಡು ಸಲ ಮೂಸಿದೆ. “ಪುನಃ ಶುರು ಮಾಡಿದಿರಾ?” ಎಂದು ಕೆನ್ನೆಗೆ ತಟ್ಟಿ ಕೇಳಿದೆ. ಎಷ್ಟು ನಿಮಿಷ ಹೋಯಿತೋ ಗೊತ್ತಿಲ್ಲ. ಇವರಿಗೆ ಪ್ರಜ್ಞೆ ಇರಲಿಲ್ಲ ಎಂದುಕೊಂಡು ಎಂಟು ತಿಂಗಳು ಅದನ್ನು ಒಳಗೇ ಇಟ್ಟುಕೊಂಡಿದ್ದೆ.

“ನಿಮಗೆ ಗೊತ್ತಾಗಿತ್ತಾ?” ಎಂದೆ.

“ಕಣ್ಣು ಬಿಡಲಿಕ್ಕೆ ಆಗಲಿಲ್ಲ. ಕಿವಿ ಕೇಳ್ತಿತ್ತು.” ಅಂಗಿಗೆ ಅಂಟಿದ್ದ ಬಿಸ್ಕತ್ತಿನ ಪುಡಿ ಕೊಡವುತ್ತ ಮತ್ತೆ ಹೇಳಿದರು, “ಸಾಯುವುದಕ್ಕೆ ನನಗೆ ಹೆದರಿಕೆ ಆಗಲಿಲ್ಲ ಐರಿನ್. ಕುಡಿದು ಸತ್ತ ಅಂತ ನೀನೂ ನಂಬಿಬಿಡ್ತೀಯಲ್ಲ ಅಂತ ಹೆದರಿದೆ.”

ನಾನು ಅವರ ಕೈ ಹಿಡಿದುಕೊಂಡು ಅತ್ತೆ. ಶನಿವಾರದ ಸಂತೆಯಂಥ ಜನಜಂಗುಳಿಯ ನಡುವೆ, ಹಗಲು ನಾಲ್ಕು ಗಂಟೆಗೆ, ಶಿರ್ವದ ಕನ್ನಡ ಟೀಚರು ಬಸ್ ನಿಲ್ದಾಣದಲ್ಲಿ ಕುಳಿತು ದೊಡ್ಡ ಧ್ವನಿಯಲ್ಲಿ ಅತ್ತದ್ದನ್ನು ನನ್ನ ಹತ್ತಿರ ಕಲಿತವರು ಎಷ್ಟು ಮಂದಿ ನೋಡಿದರೋ ಗೊತ್ತಿಲ್ಲ.